ಅಡವಿಯ ಲಿಲ್ಲಿಗಳನ್ನು ಗುರುತಿಸುವ ಪಾಠ

ಮತ್ತಾಯನ ಸುವಾರ್ತೆಯ ೬ನೇ ಅಧ್ಯಾಯದಲ್ಲಿ ಅಡವಿಯ ಹೂವುಗಳ ಪ್ರಸ್ತಾಪವು ಬರುತ್ತದೆಂಬದನ್ನು ನೀವೆಲ್ಲರೂ ಬಲ್ಲಿರಿ. ಗ್ರೀಕ್ ಮೂಲದಲ್ಲಿ ಆ ಹೂವಿಗೆ ‘ಕ್ರೀನೊನ್’ ಎಂಬ ಶಬ್ದವಿದೆ. ಇಂಗ್ಲಿಷಿನವರು ಅದನ್ನು ‘ಲಿಲ್ಲಿ’ ಎಂದು ಭಾಷಾಂತರಿಸಿದರು. ಅದು ಪಾಲೆಸ್ತೀನದ ಯಾವ ಹೂವೆಂಬ ವಿಷಯದಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಬಿಳೀ ಲಿಲ್ಲಿ ಎಂದು ಕೆಲವರೂ, ಕೆಂಪು ಎನಿಮೋನಿ ಎಂದು ಕೆಲವರೂ, ಐರಿಸ್ ಎಂದು ಇನ್ನು ಕೆಲವರೂ ಹೇಳುತ್ತಾರೆ. ಒಂದೇ ಹೆಸರು ಹಲವು ಹೂವುಗಳಿಗೆ ಸಲ್ಲುವದರಿಂದ ಇಂಥಾ ತೊಡಕು ಹುಟ್ಟುತ್ತದೆ. ಈ ತೊಡಕು ನಮ್ಮ ಸೀಮೆಯಲ್ಲಿಯೂ ಉಂಟು. ಇಲ್ಲಿ ಅದು ಬರಿಯ ಪಂಡಿತರ ವಿಚಾರವಾಗಿರದೆ ಪ್ರಾಣದ ವಿಚಾರವೂ ಆಗಿದೆ. ಹೇಗಂದರೆ, ಕಲಬುರಗಿ, ಕಮಲಾಪುರ, ಚಿಂಚೋಳಿಗಳ ಹೊಲದ ಬದುಗಳಲ್ಲಿಯೂ ಕುರುಚಲು ಅಡವಿಯಲ್ಲಿಯೂ ಬೆಳೆಯುವ ಲಿಲ್ಲಿ ಜಾತಿಯ ಗಿಡಗಳಲ್ಲಿ ಕೆಲವು ಔಷಧಕ್ಕೆ ಬರುತ್ತವೆ, ಕೆಲವು ಪಲ್ಯಕ್ಕೆ ಬರುತ್ತವೆ, ಕೆಲವಾದರೋ ಒಂದು ಗಡ್ಡೆಯಿಂದಲೇ ಮನುಷ್ಯನನ್ನು ಕೊಲ್ಲುತ್ತವೆ. ಇವುಗಳನ್ನು ಹೆಸರಿನಿಂದಲ್ಲ, ಗುರುತಿನಿಂದ ತಿಳುಕೊಳ್ಳುವದು ಹೇಗೆಂದು ಈ ಪಾಠದಲ್ಲಿ ನೋಡೋಣ.

೧. ನೋಡತಕ್ಕ ಮೂರು ಗುರುತುಗಳು

ಈ ಕೆಲಸಕ್ಕೆ ದೊಡ್ಡ ವಿದ್ಯೆ ಬೇಕಾಗಿಲ್ಲ. ಎರಡು ಕಣ್ಣು, ಒಂದು ಚಿಕ್ಕ ಚೂರಿ, ಆರರ ವರೆಗೆ ಎಣಿಸುವ ಲೆಕ್ಕ, ಇಷ್ಟಿದ್ದರೆ ಸಾಕು.

ಮೊದಲನೆಯದು ಎಲೆ. ತೊಗರಿಯ ಎಲೆಯನ್ನು ಬೆಳಕಿಗೆ ಹಿಡಿದು ನೋಡಿರಿ. ಅದರ ನರಗಳು ಬಲೆಯ ಹಾಗೆ ಹೆಣೆದುಕೊಂಡಿವೆ. ಜೋಳದ ಎಲೆಯನ್ನು ಹಿಡಿದು ನೋಡಿರಿ. ಅದರ ನರಗಳು ಬುಡದಿಂದ ತುದಿಯ ತನಕ ಉತ್ತ ಸಾಲುಗಳಂತೆ ಒಂದರ ಪಕ್ಕದಲ್ಲಿ ಒಂದು ಓಡುತ್ತವೆ. ಲಿಲ್ಲಿಯ ಬಳಗವೂ ಐರಿಸಿನ ಬಳಗವೂ ಜೋಳದ ಪಕ್ಷದವು. ಎಲೆಯ ನರಗಳು ಬಲೆಯಂತಿದ್ದರೆ ಆ ಗಿಡವು ಹೂವಿನಲ್ಲಿ ಎಷ್ಟು ಚೆಂದವಾಗಿದ್ದರೂ ಈ ಬಳಗದ್ದಲ್ಲವೆಂದು ತಿಳಿಯಬಹುದು.

ಎರಡನೆಯದು ಲೆಕ್ಕ. ಲಿಲ್ಲಿ ಜಾತಿಯ ಹೂವಿನಲ್ಲಿ ಹೊರಗೆ ಮೂರು, ಒಳಗೆ ಮೂರು, ಹೀಗೆ ಆರು ಎಸಳುಗಳು ಬಹುಮಟ್ಟಿಗೆ ಒಂದೇ ತರವಾಗಿರುತ್ತವೆ. ಎಸಳುಗಳ ಒಳಗೆ ತುದಿಯಲ್ಲಿ ಧೂಳಿಯನ್ನು ಹೊತ್ತ ಕಡ್ಡಿಗಳಿರುತ್ತವೆ. ಇವಕ್ಕೆ ಕೇಸರಗಳೆಂದು ಹೆಸರು. ಲಿಲ್ಲಿಗೆ ಆರು ಕೇಸರಗಳು, ಐರಿಸಿಗೆ ಮೂರೇ. ಈ ಒಂದು ಲೆಕ್ಕವೇ ಎರಡು ಬಳಗಗಳನ್ನು ಬೇರೆ ಮಾಡುತ್ತದೆ.

ಮೂರನೆಯದು ಎಳೆಗಾಯಿಯ ಸ್ಥಾನ. ಬದನೆಯ ಹೂವಿನಲ್ಲಿ ಕಾಯಿಯು ಎಸಳುಗಳ ಒಳಗಿನಿಂದ ಹುಟ್ಟುತ್ತದೆ. ಕುಂಬಳದ ಹೆಣ್ಣುಹೂವಿನಲ್ಲಾದರೋ ಹೂವು ಅರಳುವ ಮೊದಲೇ ಎಸಳುಗಳ ಕೆಳಗೆ ಪುಟ್ಟ ಕಾಯಿಯು ಕಾಣುತ್ತದೆ. ಇದರಂತೆಯೇ ನಿಜವಾದ ಲಿಲ್ಲಿಯಲ್ಲಿಯೂ ಗೌರೀಹೂವಿನಲ್ಲಿಯೂ ಎಳೆಗಾಯಿಯು ಎಸಳುಗಳ ಒಳಗಿದೆ. ಹಳ್ಳದ ಲಿಲ್ಲಿಯಲ್ಲಿಯೂ ಐರಿಸಿನಲ್ಲಿಯೂ ಅದು ಎಸಳುಗಳ ಕೆಳಗಿದೆ. ಕಾಯಿಯನ್ನು ಅಡ್ಡಲಾಗಿ ಕೊಯ್ದರೆ ಈ ಬಳಗಗಳಲ್ಲೆಲ್ಲಾ ಸಾಧಾರಣವಾಗಿ ಮೂರು ಕೋಣೆಗಳು ಕಾಣುವವು.

ಹಿಂದಿನ ಶಾಸ್ತ್ರಗ್ರಂಥಗಳಲ್ಲಿ ಆರು ಕೇಸರವಿದ್ದು ಎಳೆಗಾಯಿ ಒಳಗಿರುವ ಗಿಡಗಳನ್ನೆಲ್ಲಾ ಲಿಲ್ಲಿಯ ಒಂದೇ ಕುಟುಂಬದಲ್ಲಿ ಸೇರಿಸಿದ್ದರು. ೧೯೯೮ರಿಂದೀಚೆಗೆ ಗಿಡಗಳ ವಂಶಧಾತುವನ್ನೇ ಪರೀಕ್ಷಿಸಿ ಸಸ್ಯಶಾಸ್ತ್ರಜ್ಞರು ಆ ದೊಡ್ಡ ಮನೆಯನ್ನು ಹಲವು ಮನೆಗಳಾಗಿ ಪಾಲುಮಾಡಿದ್ದಾರೆ. ಉಳ್ಳಾಗಡ್ಡಿ ಬೆಳ್ಳುಳ್ಳಿಗಳು ಈಗ ಹಳ್ಳದ ಲಿಲ್ಲಿಯ ಮನೆಗೂ, ಶತಾವರಿಯು ಬೇರೊಂದು ಮನೆಗೂ, ಗೌರೀಹೂವು ಮತ್ತೊಂದು ಮನೆಗೂ ಸೇರಿವೆ. ಆದಾಗ್ಯೂ ಹೊಲದಲ್ಲಿ ನಿಂತು ನೋಡುವವನಿಗೆ ಮೇಲೆ ಹೇಳಿದ ಮೂರು ಗುರುತುಗಳು ಇಂದಿಗೂ ಉಪಯೋಗವಾದವುಗಳೇ.

೨. ಐರಿಸ್ ನಮ್ಮಲ್ಲಿ ಉಂಟೋ?

ನಮ್ಮ ಬಯಲುಸೀಮೆಯ ಅಡವಿಯಲ್ಲಿ ಐರಿಸ್ ತಾನಾಗಿ ಬೆಳೆಯುವದಿಲ್ಲ. ಅದು ಕಾಶ್ಮೀರವೇ ಮೊದಲಾದ ಹಿಮಾಲಯದ ತಂಪು ಸೀಮೆಯ ಹೂವು. ಅದರ ಎಲೆಗಳು ಕತ್ತಿಯ ಅಲಗಿನಂತೆ ಒಂದಕ್ಕೊಂದು ಮಡಿಚಿಕೊಂಡು ಬೀಸಣಿಗೆಯ ಹಾಗೆ ಎರಡೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮಲ್ಲಿ ಮಕ್ಕಳಿಗೆ ತೇದು ಹಾಕುವ ಬಜೆಯ ಗಿಡದ ಎಲೆಯೂ ಹೀಗೆಯೇ ಇರುವದರಿಂದ ಅದನ್ನು ಕಂಡು ಐರಿಸೆಂದು ಭ್ರಮಿಸುವವರುಂಟು. ಬಜೆಯ ಎಲೆಯನ್ನು ಹಿಸುಕಿದರೆ ಘಮಘಮಿಸುತ್ತದೆ. ಅದರ ಹೂವು ಎಸಳಿನ ಹೂವಲ್ಲ, ಬೆರಳಿನಂಥಾ ದಿಂಡು.

ಐರಿಸಿನ ಬಳಗದಲ್ಲಿ ನಾವೆಲ್ಲರೂ ಹೆಸರು ಕೇಳಿರುವ ಒಂದು ಗಿಡವಿದೆ. ಅದೇ ಕಾಶ್ಮೀರದ ಪಾಂಪೋರಿನಲ್ಲಿ ಬೆಳೆಯುವ ಕೇಸರಿ. ಅದರ ಹೂವಿನಲ್ಲಿ ಹಳದಿ ಕೇಸರಗಳು ಮೂರು; ನಾವು ಕೊಳ್ಳುವ ಕೆಂಪು ಎಳೆಗಳು ಕೇಸರಗಳಲ್ಲ, ಹೆಣ್ಣುಭಾಗದ ತುದಿಗಳು, ಅವೂ ಮೂರು. ಯೂರೋಪಿನಲ್ಲಿ ಇದೇ ರೂಪದ ಕಾಲ್ಚಿಕಮ್ ಎಂಬ ಹೂವುಂಟು. ಅದಕ್ಕೆ ಕೇಸರಗಳು ಆರು. ಮೂರು ಕೇಸರದ್ದು ಅಡಿಗೆಗೆ ಬರುತ್ತದೆ, ಆರು ಕೇಸರದ್ದು ಘೋರ ವಿಷ. ಅಲ್ಲಿಯ ಜನರು ಕಾಡುಬೆಳ್ಳುಳ್ಳಿಯ ಎಲೆಯೆಂದು ತಿಳಿದು ಕಾಲ್ಚಿಕಮಿನ ಎಲೆಯನ್ನು ತಿಂದು ಸತ್ತದ್ದುಂಟು. ಆ ವಿಷಕ್ಕೆ ಕಾಲ್ಚಿಸಿನ್ ಎಂದು ಹೆಸರು. ಈ ಹೆಸರನ್ನು ನೆನಪಿಟ್ಟುಕೊಳ್ಳಿರಿ. ಯಾಕಂದರೆ ಅದೇ ವಿಷವು ನಮ್ಮ ಬದುವಿನ ಬೇಲಿಯಲ್ಲಿಯೂ ಇದೆ.

೩. ಗೌರೀಹೂವು ಅಥವಾ ಅಗ್ನಿಶಿಖೆ

ಮುಂಗಾರಿನ ಮಳೆ ಬಿದ್ದ ಮೇಲೆ ಬೇಲಿಗಳಲ್ಲಿಯೂ ಪೊದೆಗಳಲ್ಲಿಯೂ ಒಂದು ಬಳ್ಳಿಯು ನೆಲದಿಂದೇಳುತ್ತದೆ. ಗೌರೀಹಬ್ಬದ ಸುಮಾರಿಗೆ ಅದರಲ್ಲಿ ಬೆಂಕಿಯ ನಾಲಗೆಯಂಥಾ ಹೂವುಗಳು ಕಾಣುತ್ತವೆ. ಕನ್ನಡದಲ್ಲಿ ಇದಕ್ಕೆ ಗೌರೀಹೂವು, ಅಗ್ನಿಶಿಖೆ ಎಂದೂ, ನಮ್ಮ ನೆರೆಯ ಮರಾಠಿಯವರಲ್ಲಿ ಕಳಲಾವಿ ಎಂದೂ, ಸಂಸ್ಕೃತದಲ್ಲಿ ಲಾಂಗಲಿ ಎಂದೂ ಹೆಸರು. ಸ್ವೀಡನಿನ ಲಿನ್ನೇಯಸನು ೧೭೫೩ರಲ್ಲಿ ಇದಕ್ಕೆ ಗ್ಲೋರಿಯೋಸಾ ಸುಪರ್ಬಾ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟನು. ತಮಿಳುನಾಡಿಗೆ ಇದು ರಾಜ್ಯಪುಷ್ಪ. ಆಫ್ರಿಕದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ.

ಇದರ ಗುರುತುಗಳು ಯಾವವಂದರೆ: ಎಲೆಯ ನರಗಳು ಜೋಳದ ಎಲೆಯಂತೆ ಸಾಲಾಗಿ ಓಡಿ, ಎಲೆಯ ತುದಿಯೇ ಹೀರೇಬಳ್ಳಿಯ ಕುಡಿಯಂತೆ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡುಕೊಳ್ಳುತ್ತದೆ. ಹೀರೆಯಲ್ಲಿ ಕುಡಿಯೇ ಬೇರೆ, ಎಲೆಯೇ ಬೇರೆ. ಇಲ್ಲಿ ಎಲೆಯ ತುದಿಯೇ ಕುಡಿ. ಹೂವು ತಲೆಕೆಳಗಾಗಿ ತೂಗುತ್ತದೆ. ಆರು ಎಸಳುಗಳು ಅಂಚಿನಲ್ಲಿ ನಿರಿನಿರಿಯಾಗಿ ಮೇಲಕ್ಕೆ ಮಡಿಚಿಕೊಳ್ಳುತ್ತವೆ. ಮೊದಲು ಹಸುರು, ಆಮೇಲೆ ಬುಡದಲ್ಲಿ ಹಳದಿ ತುದಿಯಲ್ಲಿ ಕೆಂಪು, ಕಡೆಗೆ ಪೂರಾ ಕೆಂಪು, ಹೀಗೆ ಒಂದೇ ಹೂವು ಬಣ್ಣ ಬದಲಿಸುತ್ತದೆ. ಆರು ಕೇಸರಗಳು ಸುತ್ತಲೂ ಚಾಚಿಕೊಂಡಿರುತ್ತವೆ. ನಡುವಿನ ಹೆಣ್ಣುಕಡ್ಡಿಯು ಬುಡದಲ್ಲಿಯೇ ಮುರಿದಂತೆ ಒಂದು ಪಕ್ಕಕ್ಕೆ ಬಾಗಿರುತ್ತದೆ. ಕಾಯಿ ಒಡೆದಾಗ ಕಿತ್ತಳೆಗೆಂಪಿನ ಬೀಜಗಳು ಕಾಣುತ್ತವೆ.

ಗಡ್ಡೆಯು ನೇಗಿಲಿನಂತೆ ಎರಡು ತೋಳುಗಳಾಗಿ ಬಾಗಿರುತ್ತದೆ. ಸಂಸ್ಕೃತದಲ್ಲಿ ಲಾಂಗಲವೆಂದರೆ ನೇಗಿಲು, ಆದದರಿಂದಲೇ ಲಾಂಗಲಿ ಎಂಬ ಹೆಸರು ಬಂತು. ಅಪಾಯವಿರುವದು ಇಲ್ಲಿಯೇ. ಬೇಸಿಗೆಯಲ್ಲಿ ಬಳ್ಳಿ ಒಣಗಿ ಹೋದ ಮೇಲೆ ಬದುವನ್ನು ಅಗೆಯುವವನಿಗೆ ಈ ಗಡ್ಡೆಯು ಗೆಣಸಿನ ಚೂರಿನಂತೆ ತೋರುತ್ತದೆ. ಲಂಕಾದ್ವೀಪದ ವೈದ್ಯರು, ಗೆಣಸೆಂದು ತಿಳಿದು ಇದನ್ನು ಬೇಯಿಸಿ ತಿಂದು ಸತ್ತವರ ಸಂಗತಿಗಳನ್ನು ಬರೆದಿಟ್ಟಿದ್ದಾರೆ. ಬೇಯಿಸುವದರಿಂದ ಕಾಲ್ಚಿಸಿನ್ ಹೋಗುವದಿಲ್ಲವೆಂಬದನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರತಕ್ಕದ್ದು. ಗಿಡದ ಎಲ್ಲಾ ಭಾಗಗಳಲ್ಲಿಯೂ ವಿಷವಿದೆ. ಗಡ್ಡೆಯಲ್ಲಿಯೂ ಬೀಜದಲ್ಲಿಯೂ ಹೆಚ್ಚು.

ಗೆಣಸಿನ ಎಲೆಯಾಗಲಿ ಅಡವಿಗೆಣಸಿನ ಎಲೆಯಾಗಲಿ ಅಗಲವಾಗಿ, ಹೆಚ್ಚಾಗಿ ಹೃದಯದ ಆಕಾರದಲ್ಲಿದ್ದು, ತುದಿಯಲ್ಲಿ ಕುಡಿಯಿಲ್ಲದ್ದಾಗಿರುತ್ತದೆ. ಬಳ್ಳಿಯು ಕಣ್ಣೆದುರಿಗೆ ಇರುವಾಗ ಯಾರೂ ಮೋಸಹೋಗಲಾರರು. ಎಲೆಯಿಲ್ಲದ ಗಡ್ಡೆಯೇ ಮೋಸಮಾಡುತ್ತದೆ. ಆದಕಾರಣ ಈ ಪಾಠದ ಮುಖ್ಯ ನಿಯಮವು ಇದೇ: ಎಲೆಯನ್ನು ನೋಡದ ಗಡ್ಡೆಯನ್ನು ಬಾಯಿಗೆ ಹಾಕಬಾರದು.

ಇನ್ನೊಂದು ಮಾತು. ಸಂಸ್ಕೃತ ವೈದ್ಯಗ್ರಂಥಗಳು ಲಾಂಗಲಿಯನ್ನು ಉಪವಿಷಗಳಲ್ಲಿ ಎಣಿಸಿವೆ. ಭಾವಪ್ರಕಾಶದಲ್ಲಿ ಇದಕ್ಕೆ ಗರ್ಭನುತ್, ಅಂದರೆ ಗರ್ಭವನ್ನು ಹೊರಗೆ ತಳ್ಳುವದು, ಎಂಬ ಹೆಸರೂ ಉಂಟು. ಹೆರಿಗೆ ಬೇಗನೆ ಆಗಲೆಂದು ಇದರ ಗಡ್ಡೆಯನ್ನು ಅರೆದು ಹಚ್ಚುವ ಪದ್ಧತಿಯು ದೇಶದ ಹಲವು ಕಡೆಗಳಲ್ಲಿ ಇತ್ತು. ನಮ್ಮ ಮನೆಗಳಲ್ಲಿ ಯಾರಾದರೂ ಹೀಗೆ ಸಲಹೆ ಕೊಟ್ಟರೆ ಒಪ್ಪಬಾರದು. ಗೌಟ್ ಎಂಬ ಕೀಲುಬೇನೆಗೆ ವೈದ್ಯರು ಕಾಲ್ಚಿಸಿನ್ ಕೊಡುವದು ನಿಜ; ಆದರೆ ಅದು ಅತ್ಯಲ್ಪ ಪ್ರಮಾಣದಲ್ಲಿ ತೂಗಿ ಮಾಡಿದ ಗುಳಿಗೆ. ಗಡ್ಡೆಯಲ್ಲಿ ಎಷ್ಟು ವಿಷವಿದೆಯೆಂದು ಬರಿಗಣ್ಣಿನಿಂದ ತೂಗುವವರು ಯಾರೂ ಇಲ್ಲ.

೪. ಅಡವಿ ಉಳ್ಳಾಗಡ್ಡಿ

ಬೇಸಿಗೆಯ ಬಿಸಿಲಿನಲ್ಲಿ ಹುಲ್ಲು ಕೂಡ ಒಣಗಿದ ನೆಲದಿಂದ ಎಲೆಯೇ ಇಲ್ಲದ ಒಂದು ಉದ್ದ ಕಡ್ಡಿಯು ಎದ್ದು, ಅದರ ಮೇಲೆ ಕಂದುಬಣ್ಣದ ಚಿಕ್ಕ ಗಂಟೆಗಳಂಥಾ ಹೂವುಗಳು ಒಂದರ ಮೇಲೊಂದು ದೂರದೂರ ತೂಗುತ್ತಿದ್ದರೆ, ಅದು ಅಡವಿ ಉಳ್ಳಾಗಡ್ಡಿ. ಸಂಸ್ಕೃತದಲ್ಲಿ ವನಪಲಾಂಡು ಎಂದು ಹೆಸರು. ಹೂವಿನ ಕಾಲವು ತೀರಿ ಮಳೆ ಬಿದ್ದ ಮೇಲೆಯೇ ಎಲೆಗಳು ಬರುತ್ತವೆ. ಹೂವಿಗೂ ಎಲೆಗೂ ಭೇಟಿಯಿಲ್ಲದಿರುವದು ಇದರ ದೊಡ್ಡ ಗುರುತು.

ಗಡ್ಡೆಯು ಪದರುಪದರಾಗಿ ಉಳ್ಳಾಗಡ್ಡಿಯನ್ನೇ ಹೋಲುತ್ತದೆ. ಭೇದವನ್ನು ಹೀಗೆ ತಿಳಿಯಬಹುದು. ಉಳ್ಳಾಗಡ್ಡಿಯ ಎಲೆಯು ಕೊಳವೆಯಂತೆ ಪೊಳ್ಳು, ಇದರದು ಚಪ್ಪಟೆ. ಉಳ್ಳಾಗಡ್ಡಿಯ ಹೂವುಗಳು ಕಡ್ಡಿಯ ತುದಿಯಲ್ಲಿ ಚೆಂಡಿನಂತೆ ಒಂದೇ ಕಡೆಯಲ್ಲಿ ಕೂಡುತ್ತವೆ. ಇದರವು ಕಡ್ಡಿಯ ಉದ್ದಕ್ಕೂ ಹರಡುತ್ತವೆ. ಎಲ್ಲಕ್ಕಿಂತ ಸುಲಭವಾದದ್ದು ವಾಸನೆ: ಕೊಯ್ದಾಗ ಉಳ್ಳಾಗಡ್ಡಿಯ ವಾಸನೆ ಬಾರದಿದ್ದರೆ ಅದು ಉಳ್ಳಾಗಡ್ಡಿಯಲ್ಲ. ರುಚಿ ನೋಡಿ ಪರೀಕ್ಷಿಸಬಾರದು. ಇದರ ರಸವು ಚರ್ಮಕ್ಕೆ ತಗಲಿದರೂ ತುರಿಕೆ ಹುಟ್ಟುತ್ತದೆ.

ಇದರಲ್ಲಿರುವ ಸತ್ವವು ಗುಂಡಿಗೆಯ ಬಡಿತವನ್ನು ನಿಧಾನಮಾಡುವಂಥಾದ್ದು. ಕೆಮ್ಮಿನ ಔಷಧಕ್ಕಾಗಿ ಇದನ್ನು ಭಾರತೀಯ ಸ್ಕ್ವಿಲ್ ಎಂಬ ಹೆಸರಿನಿಂದ ಔಷಧಕೋಶಗಳಲ್ಲಿ ಸೇರಿಸಿದ್ದರು. ಪ್ರಮಾಣ ಮೀರಿದರೆ ವಾಂತಿಯಾಗಿ ಗುಂಡಿಗೆಯೇ ತಪ್ಪಿ ಬಡಿದು ಪ್ರಾಣಕ್ಕೆ ಬರುತ್ತದೆ.

೫. ಹಳ್ಳದ ಲಿಲ್ಲಿಯೂ ಮಳೆಲಿಲ್ಲಿಯೂ

ಹಳ್ಳಕೊಳ್ಳಗಳ ದಂಡೆಯಲ್ಲಿ ಉದ್ದವಾದ ಪಟ್ಟಿಯಂಥಾ ಎಲೆಗಳ ನಡುವಿನಿಂದ ದಪ್ಪವಾದ ಬರಿಯ ದಂಟೊಂದು ಎದ್ದು, ಅದರ ತುದಿಯಲ್ಲಿ ಕೊಡೆಯ ಕಡ್ಡಿಗಳಂತೆ ಹಲವು ಬಿಳೀ ಹೂವುಗಳು ಅರಳುತ್ತವೆ. ಮೊಗ್ಗುಗಳು ಮೊದಲು ಎರಡು ತೆಳುವಾದ ಹೊದಿಕೆಗಳೊಳಗೆ ಮುಚ್ಚಿಕೊಂಡಿರುತ್ತವೆ. ಹೂವಿನ ಎಸಳುಗಳು ಆರು, ಕೇಸರಗಳು ಆರು, ಎಳೆಗಾಯಿಯು ಮಾತ್ರ ಎಸಳುಗಳ ಕೆಳಗೆ. ಸಂಜೆಯಾಗುತ್ತಲೇ ಪರಿಮಳವು ಹಬ್ಬುತ್ತದೆ. ಇದರ ಶಾಸ್ತ್ರೀಯ ನಾಮವು ಕ್ರೈನಮ್. ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ಕ್ರೀನೊನ್ ಎಂಬ ಶಬ್ದದಿಂದಲೇ ಈ ಹೆಸರು ಬಂದದೆ. ಪಾಲೆಸ್ತೀನದ ಹೂವು ಇದಲ್ಲದಿದ್ದರೂ ಆ ಹೆಸರನ್ನು ಹೊತ್ತ ಹೂವು ನಮ್ಮ ನಾಡಿನ ಹಳ್ಳಗಳಲ್ಲಿ ಇದೆ.

ಕಲಬುರಗಿಯ ಜೇವರ್ಗಿ ಕಾಲೋನಿಯಂಥಾ ಬಡಾವಣೆಗಳಲ್ಲಿ ಜನರು ಅಂಗಳದ ಕುಂಡಗಳಲ್ಲಿ ನೆಡುವ ಮಳೆಲಿಲ್ಲಿಯು ಇದೇ ಬಳಗದ್ದು. ಒಂದು ದಂಟಿಗೆ ಒಂದೇ ಹೂವು, ಬಿಳಿ, ಹಳದಿ ಇಲ್ಲವೆ ಗುಲಾಬಿ ಬಣ್ಣ; ಮಳೆ ಬಂದ ಕೆಲವು ದಿವಸಗಳಲ್ಲಿ ಒಟ್ಟಾಗಿ ಅರಳುತ್ತದೆ. ಇದು ಅಮೇರಿಕ ಖಂಡದಿಂದ ತಂದ ಗಿಡ. ತೋಟದಿಂದ ತಪ್ಪಿಸಿಕೊಂಡು ಹುಲ್ಲಿನಲ್ಲಿ ಬೆಳೆದದ್ದನ್ನು ಕಂಡು ನಮ್ಮ ಅಡವಿಯದೆಂದು ತಿಳಿಯಬಾರದು. ಹಳ್ಳದ ಲಿಲ್ಲಿ, ಮಳೆಲಿಲ್ಲಿ ಇವುಗಳ ಗಡ್ಡೆಗಳಲ್ಲಿ ವಾಂತಿಯನ್ನು ಹುಟ್ಟಿಸುವ ಸತ್ವವಿರುವದರಿಂದ ಮಕ್ಕಳು ಕಚ್ಚದಂತೆ ನೋಡಿಕೊಳ್ಳತಕ್ಕದ್ದು.

೬. ಅಂಜಬೇಕಾಗಿಲ್ಲದವುಗಳು

ಆರು ಕೇಸರದ ಹೂವೆಲ್ಲಾ ವಿಷವೆಂದು ತಿಳಿಯಬೇಡಿರಿ. ಮೊದಲ ಮಳೆಗೆ ಹುಲ್ಲುಗಾವಲಿನಲ್ಲಿ ನಕ್ಷತ್ರದಂಥಾ ಬಿಳೀ ಹೂವುಗಳೂ ಹಳದಿ ಕೇಸರಗಳೂ ಉಳ್ಳ ಚಿಕ್ಕ ಗಿಡವು ಏಳುತ್ತದೆ. ಇದು ಮೂಸಲಿಯ ಜಾತಿ. ಇದಕ್ಕೆ ಪದರುಗಡ್ಡೆಯಿಲ್ಲ, ಬೇರುಗಳೇ ಅಲ್ಲಲ್ಲಿ ಉಬ್ಬಿಕೊಂಡಿರುತ್ತವೆ. ಪಶ್ಚಿಮಘಟ್ಟದ ಮಹಾರಾಷ್ಟ್ರದವರು ಇದರ ಒಂದು ಜಾತಿಯ ಎಳೇ ಎಲೆಗಳನ್ನು ಪಲ್ಯಮಾಡಿ ಉಣ್ಣುತ್ತಾರೆ.

ಶತಾವರಿಯೂ ಹಳೇ ಲಿಲ್ಲಿ ಕುಟುಂಬದ್ದೇ. ಮುಳ್ಳುಳ್ಳ ಬಳ್ಳಿ, ಸೂಜಿಯಂಥಾ ಹಸುರು ಎಳೆಗಳು, ಸಾಸಿವೆಯಷ್ಟು ಚಿಕ್ಕ ಬಿಳೀ ಹೂವುಗಳು. ಎಣಿಸಿದರೆ ಅಲ್ಲಿಯೂ ಆರು ಎಸಳು, ಆರು ಕೇಸರ. ಒಂದು ಬುಡಕ್ಕೆ ಬೆರಳಿನಂಥಾ ಹಲವು ಬೇರುಗಳು ಜೋತಾಡುವದರಿಂದ ಇದಕ್ಕೆ ಹಲವು ಮಕ್ಕಳ ತಾಯಿ ಎಂಬ ಚೆಂದವಾದ ಕನ್ನಡ ಹೆಸರುಂಟು.

೭. ಹೆಸರಿನಿಂದ ಮಾತ್ರ ಲಿಲ್ಲಿಗಳು

ತಾವರೆ ನೈದಿಲೆಗಳನ್ನು ಇಂಗ್ಲಿಷಿನಲ್ಲಿ ನೀರಿನ ಲಿಲ್ಲಿ ಎನ್ನುತ್ತಾರೆ. ಅವುಗಳ ಎಸಳುಗಳೂ ಕೇಸರಗಳೂ ಎಣಿಸಲಾರದಷ್ಟು. ಎಲೆಯು ದುಂಡಾಗಿದ್ದು ನರಗಳು ಚಕ್ರದ ಕಡ್ಡಿಗಳಂತೆ ಹರಡುತ್ತವೆ. ಕಮಲದ ಹೆಸರನ್ನು ಹೊತ್ತ ಕಮಲಾಪುರದವರು ತಮ್ಮ ಊರಿನ ಹೆಸರಿನ ಹೂವು ಲಿಲ್ಲಿಯಲ್ಲವೆಂದು ನೆನಪಿಡಬಹುದು. ಚಿರತೆಯ ಚುಕ್ಕೆಗಳುಳ್ಳ ಕಿತ್ತಳೆಬಣ್ಣದ ಒಂದು ತೋಟದ ಹೂವಿಗೂ ಲಿಲ್ಲಿ ಎಂಬ ಹೆಸರಿದೆ. ಅದಕ್ಕೆ ಕೇಸರಗಳು ಮೂರೇ, ಎಲೆಗಳು ಬೀಸಣಿಗೆಯಂತೆ. ಅದು ಐರಿಸಿನ ಬಳಗದ್ದೆಂದು ಎಣಿಸಿದವನು ಹೇಳಿಬಿಡಬಹುದು; ೨೦೦೫ರಲ್ಲಿ ಸಸ್ಯಶಾಸ್ತ್ರಜ್ಞರು ಅದನ್ನು ಐರಿಸ್ ಎಂಬ ಹೆಸರಿಗೇ ಸೇರಿಸಿದರು.

ಹಾಗಾದರೆ ನಿಜವಾದ ಲಿಲ್ಲಿಯು ದಕ್ಷಿಣದೇಶದಲ್ಲಿ ಇಲ್ಲವೋ ಎಂದು ಕೇಳಬಹುದು. ಉಂಟು, ನೀಲಗಿರಿ, ಪಳನಿ ಬೆಟ್ಟಗಳ ಎತ್ತರದ ಹುಲ್ಲುಗಾವಲುಗಳಲ್ಲಿ ತುತ್ತೂರಿಯಂಥಾ ದೊಡ್ಡ ಬಿಳೀ ಹೂವನ್ನು ಬಿಡುವ ನೀಲಗಿರಿ ಲಿಲ್ಲಿಯೇ ಅದು.

೮. ವಿಷವನ್ನು ತಿಂದರೆ

ಗೌರೀಹೂವಿನ ಗಡ್ಡೆಯನ್ನು ತಿಂದವನಿಗೆ ಕೂಡಲೇ ಏನೂ ಆಗದಿರಬಹುದು. ಸಾಧಾರಣವಾಗಿ ೨ರಿಂದ ೧೨ ತಾಸುಗಳೊಳಗೆ ಗಂಟಲುರಿ, ವಾಂತಿ, ಹೊಟ್ಟೆನೋವು, ಕಾಲರಾ ಬಂದಂತೆ ಭೇದಿ ತೋರುತ್ತವೆ. ಹಲವು ದಿವಸಗಳೊಳಗೆ ರಕ್ತವನ್ನು ಹುಟ್ಟಿಸುವ ಎಲುಬಿನ ಮಜ್ಜೆಯೂ ಮೂತ್ರಪಿಂಡಗಳೂ ಕೆಡುತ್ತವೆ. ಉಳಿದವರ ತಲೆಗೂದಲು ಉದುರುವದುಂಟು. ವಾಂತಿ ನಿಂತಿತೆಂದು ಮನೆಯಲ್ಲಿ ಮಲಗಿಸಿಕೊಳ್ಳುವದು ದೊಡ್ಡ ಅಪಾಯ. ಆದದರಿಂದ ಹೀಗೆ ಮಾಡಬೇಕು: ತಿಂದದ್ದು ತಿಳಿದ ಕೂಡಲೇ, ಲಕ್ಷಣಗಳಿಗೆ ಕಾಯದೆ, ೧೦೮ಕ್ಕೆ ಕರೆಮಾಡಿ ದೊಡ್ಡ ಆಸ್ಪತ್ರೆಗೆ ಒಯ್ಯತಕ್ಕದ್ದು. ಉಳಿದ ಗಡ್ಡೆ, ಎಲೆ, ಹೂವು ಏನಿದ್ದರೂ ಜೊತೆಯಲ್ಲಿ ತಕ್ಕೊಂಡು ಹೋಗಿ ವೈದ್ಯರಿಗೆ ತೋರಿಸತಕ್ಕದ್ದು. ಉಪ್ಪುನೀರು ಕುಡಿಸಿ ವಾಂತಿಮಾಡಿಸುವದು, ತುಪ್ಪ ಕುಡಿಸುವದು, ಮಂತ್ರ ಹಾಕಿಸುವದು, ಇವುಗಳಿಂದ ಹೊತ್ತು ಕಳೆಯುವದಲ್ಲದೆ ಬೇರೆ ಪ್ರಯೋಜನವಿಲ್ಲ.

೯. ಪಾಠವನ್ನು ನಡಿಸುವ ವಿಧ

ಶಾಲೆಯ ಉಪಾಧ್ಯಾಯರೂ ತಾಯಿತಂದೆಗಳೂ ಮಳೆಗಾಲದಲ್ಲಿ ಮಕ್ಕಳನ್ನು ಹೊಲಕ್ಕೆ ಕರಕೊಂಡು ಹೋಗಿ ಈ ಗಿಡಗಳನ್ನು ನಿಂತಲ್ಲಿಯೇ ತೋರಿಸಲಿ. ಮೊದಲು ಮನೆಯ ಹಿತ್ತಲಿನ ಉಳ್ಳಾಗಡ್ಡಿಯ ಹೂವಿನಲ್ಲಿ ಆರು ಕೇಸರಗಳನ್ನು ಎಣಿಸುವದು ಒಳ್ಳೇದು, ಅದು ನಿರಪಾಯವಾದದ್ದು. ಗೌರೀಹೂವನ್ನು ಮುಟ್ಟಿದವರು ಕೈತೊಳೆದ ಹೊರತು ಊಟಮಾಡಬಾರದು. ಗಡ್ಡೆಗಳನ್ನು ಕೀಳಬಾರದು, ಔಷಧದ ವ್ಯಾಪಾರಕ್ಕಾಗಿ ಅಗೆದು ಅಗೆದು ಹಲವು ಕಡೆಗಳಲ್ಲಿ ಅಗ್ನಿಶಿಖೆಯು ವಿರಳವಾಗಿ ಹೋಗಿದೆ. ೨೦೧೧ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿಯ ಅಡವಿಯೊಳಗಂತೂ ಅನುಮತಿಯಿಲ್ಲದೆ ಗಿಡ ಕೀಳುವದು ೧೯೭೨ರ ಕಾನೂನಿನ ಪ್ರಕಾರ ಅಪರಾಧ. ಹೆಚ್ಚು ಕಲಿಯಬೇಕೆಂಬವರಿಗೆ ಗುಲ್ಬರ್ಗಾ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞರು ೨೦೦೦ದಲ್ಲಿ ಪ್ರಕಟಿಸಿದ ಜಿಲ್ಲೆಯ ಸಸ್ಯಗಳ ಗ್ರಂಥವು ಇದೆ.

ವಿಷದ ಗಿಡವೆಂದು ಬೇಲಿಯನ್ನೆಲ್ಲಾ ಸುಡುವವನಿಗಿಂತ ಅದನ್ನು ಗುರುತಿಸಬಲ್ಲವನು ಹೆಚ್ಚು ಕ್ಷೇಮವಾಗಿರುತ್ತಾನೆ. ಯಾಕಂದರೆ ಸುಟ್ಟ ಬೇಲಿಯ ಕೆಳಗೆ ಗಡ್ಡೆಯು ಜೀವದಿಂದಿರುತ್ತದೆ, ಮುಂದಿನ ಮಳೆಗೆ ತಿರಿಗಿ ಏಳುತ್ತದೆ; ಕಲಿತ ಗುರುತಾದರೋ ಮನೆಯವರೆಲ್ಲರಿಗೂ ಉಳಿಯುತ್ತದೆ.

ಪ್ರಶ್ನೆಗಳು

೧. ಲಿಲ್ಲಿಗೂ ಐರಿಸಿಗೂ ಕೇಸರಗಳ ಲೆಕ್ಕದಲ್ಲಿ ಭೇದವೇನು?
೨. ಕುಂಬಳದ ಹೂವಿನಂತೆ ಎಳೆಗಾಯಿಯು ಎಸಳುಗಳ ಕೆಳಗಿರುವ ಒಂದು ಹಳ್ಳದ ಹೂವನ್ನು ಹೆಸರಿಸಿರಿ.
೩. ಗೌರೀಹೂವಿನ ಎಲೆಯ ತುದಿಯು ಹೇಗಿರುತ್ತದೆ? ಗೆಣಸಿನ ಎಲೆಯು ಹೇಗಿರುತ್ತದೆ?
೪. ಅಡವಿ ಉಳ್ಳಾಗಡ್ಡಿಯನ್ನು ಮನೆಯ ಉಳ್ಳಾಗಡ್ಡಿಯಿಂದ ಬೇರೆಮಾಡುವ ಮೂರು ಗುರುತುಗಳನ್ನು ಹೇಳಿರಿ.
೫. ಗೌರೀಹೂವಿನ ಗಡ್ಡೆಯನ್ನು ಬೇಯಿಸಿದರೆ ವಿಷವು ಹೋಗುತ್ತದೋ?
೬. ವಿಷದ ಗಡ್ಡೆಯನ್ನು ತಿಂದವನನ್ನು ಆಸ್ಪತ್ರೆಗೆ ಒಯ್ಯುವಾಗ ಜೊತೆಯಲ್ಲಿ ಏನನ್ನು ತಕ್ಕೊಂಡು ಹೋಗಬೇಕು? ಯಾಕೆ?